ಸಿಟ್ಟಿಗೊಂದು ಸರ್ಪಗಂಧ

ಸಿಟ್ಟು ನಮ್ಮ ಮನೆತನದ ಆಸ್ತಿ. ಗದ್ದೆ ಪಾಲಾಗುವಾಗ ಅಣ್ಣತಮ್ಮಂದಿರಲ್ಲಿ ತಕರಾರು ಬಂತೇ ಹೊರತು ಇದರಲ್ಲಿ ಯಾರಿಗೂ ಕಡಿಮೆ ಬೀಳಲಿಲ್ಲ. ನಮ್ಮ ಅಪ್ಪ, ಅಂಗಳದಲ್ಲಿ ಒಣಗಲು ಹಾಕಿದ ಭತ್ತಕ್ಕೆ ನುಗ್ಗಿದ ಯಾರದೋ ಕೋಳಿಯನ್ನು ಬೈಯುತ್ತಿದ್ದವರು ಅರ್ಧ ವಾಕ್ಯದಲ್ಲೇ ಕುಸಿದು ತೀರಿಕೊಂಡರು. ಉಳಿದರ್ಧ ಏನಿತ್ತೆಂದು ನಮಗೆ ಇಂದಿಗೂ ತಿಳಿಯದು. ಕೋಳಿ ಮಾತ್ರ ಮತ್ತೆ ಎರಡು ವರ್ಷ ಬದುಕಿತ್ತು. ಹಾಗಾಗಿ ಐವತ್ತರ ದಶಕದ ಕೊನೆಯಲ್ಲಿ, ಬಂಟ್ವಾಳದ ಶಾಲೆಯಲ್ಲಿ ಭಾಗಾಕಾರ ಹೇಳಿಕೊಡುತ್ತಾ ಕೂಗಿ ಕೂಗಿ ನನಗೆ ತಲೆಸುತ್ತು ಬಂದು ಕರಿಹಲಗೆಗೆ ಒರಗಿದೆನೆಂಬ ಸುದ್ದಿ ಕೇಳಿ ನನ್ನ ಹೆಂಡತಿ ಹೆದರಿಹೋದಳು. ಮರುದಿನವೇ ನನ್ನನ್ನು ಮೂಡಬಿದಿರೆಯ ಪಂಡಿತರಲ್ಲಿಗೆ ಅಟ್ಟಿದಳು.

ಪಂಡಿತರು ನಾಡಿ ಹಿಡಿದು, ಈಗಿನ ಡಾಕ್ಟರರು ಬ್ಲಡ್ ಪ್ರೆಶರ್ ಎನ್ನುವುದು ಇದನ್ನೇ ಎಂದರು. ಮದ್ದು ಸರ್ಪಗಂಧದ ಬೇರು. ಕಾಡಿನಲ್ಲಿದ್ದದ್ದನ್ನು ಅಗೆದು ಮುಗಿಸಿದ್ದಾರೆ, ಅಂಗಡಿಯದ್ದು ಕಲಬೆರಕೆ, ನೀವೇ ಬೆಳೆಸಿಕೊಳ್ಳಿ ಎಂದು ಒಂದು ಸಸಿ ಕೊಟ್ಟರು. ಎರಡು ವರ್ಷ ತುಂಬಿದ ಮೇಲೆ ಬೇರು ಅಗೆದು ಪುಡಿ ಮಾಡಬೇಕಂತೆ, ಅಲ್ಲಿಯವರೆಗೆ ಸಿಟ್ಟು ಮಾಡಬಾರದಂತೆ. ಸಿಟ್ಟು ಮಾಡದೆ ಇರಲು ಬರುತ್ತಿದ್ದರೆ ನಾನು ಅಷ್ಟು ದೂರ ಯಾಕೆ ಹೋಗುತ್ತಿದ್ದೆ? ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬರುವಷ್ಟರಲ್ಲೇ ನಾಲ್ಕು ಜನರೊಂದಿಗೆ ಜಗಳವಾಗಿತ್ತು.

ಅಂಗಳದ ಬದಿಯಲ್ಲಿ ಹಲಸಿನ ಮರದ ಅರೆನೆರಳಲ್ಲಿ ನೆಟ್ಟೆ. ಒಣಸೆಗಣಿ ಹಾಕಿದೆ, ಬುಡದಲ್ಲಿ ನೀರು ನಿಲ್ಲದಂತೆ ಕಣಿ ತೋಡಿದೆ, ಬೆಳಿಗ್ಗೆ ಎದ್ದು ಬಸವನಹುಳು ಹೆಕ್ಕಿದೆ. ನನ್ನ ಮಕ್ಕಳನ್ನೂ ನಾನು ಹಾಗೆ ಸಾಕಿದವನಲ್ಲ. ಕೆಂಪು ತೊಟ್ಟಿನ ಬಿಳಿ ಹೂಗೊಂಚಲು ಬಂದ ದಿನ ಬಾಯಿ ಸುಮ್ಮನಿರದೆ, ಗೋಡೆಯಾಚೆಯ ಕಮಲಕ್ಕನನ್ನು ಕರೆದು ತೋರಿಸಿ, ಇದರ ವಾಸನೆಗೆ ಹಾವು ಹತ್ತಿರ ಸುಳಿಯುವುದಿಲ್ಲವಂತೆ ಎಂದು ಜಂಬ ಕೊಚ್ಚಿದೆ. ಆ ಗೋಡೆಗೆ ತಾಗಿಯೇ ಕಮಲಕ್ಕನ ಕುಟುಂಬದ ನಾಗಬನ. ನಮ್ಮ ಕಡೆ ಹಾವು ಕಂಡರೆ ಕೈಮುಗಿಯುವವರೇ ಹೊರತು ಓಡಿಸುವವರಿಲ್ಲ. ಕಮಲಕ್ಕ ನನ್ನೊಡನೆ ಆಡುವುದು ತುಳು. ಬೈಯಲಿಕ್ಕೆ ಮಾತ್ರ ಕನ್ನಡ, ಮಾಸ್ಟ್ರಿಗೆ ಶಾಲೆಯ ಭಾಷೆಯಲ್ಲೇ ಬೈಯಬೇಕೆಂದು ಅವರ ಲೆಕ್ಕ.

"ಮಾಸ್ಟ್ರೇ, ನಿಮ್ಮ ಗಿಡದ ವಾಸನೆಗೆ ನಮ್ಮ ನಾಗ ಎದ್ದು ಹೋದರೆ ನಾನು ಹಾಲು, ಸೀಯಾಳ ಯಾರಿಗೆ ಎರೆಯುವುದು?" ಎಂದರು.

ಆ ವಾರದಲ್ಲೇ ಅವರ ದನ ಒದೆಯಿತು, ಬಾವಿಯ ಹಗ್ಗ ತುಂಡಾಯಿತು, ಹಪ್ಪಳ ಕಾಗೆಯ ಪಾಲಾಯಿತು. ಎಲ್ಲದಕ್ಕೂ ನನ್ನ ಗಿಡವೇ ಕಾರಣವಾಗಿ, ಜೋಯಿಸರಲ್ಲಿ ಪ್ರಶ್ನೆ ಇಡಿಸುವುದೆಂದಾಯಿತು. ಪ್ರಶ್ನೆಯಲ್ಲಿ ಗಿಡದ ಮೇಲೆ ದೋಷ ಬಂದರೆ ಗಿಡ ಹೋಯಿತು, ಗಿಡ ಹೋದರೆ ನಾನೂ ಹೋದೆ. ಪುಣ್ಯಕ್ಕೆ ಆ ಜೋಯಿಸ ನನ್ನ ಹಳೆಯ ಶಿಷ್ಯ. ಹಿಂದಿನ ದಿನವೇ ಅವನ ಜಗಲಿಯಲ್ಲಿ ಕೂತು, ಗಿಡದಿಂದ ನಾಗನಿಗೆ ತೊಂದರೆ ಇಲ್ಲ ಅಂತ ಬಂದರೆ ಸಾಕು ಮಾರಾಯ ಎಂದೆ. ಮರುದಿನ ಅವನು ಕವಡೆ ಸರಿಸಿ, ತೊಂದರೆ ಇಲ್ಲದ್ದು ಮಾತ್ರವಲ್ಲ, ನಾಗ ಆ ಗಿಡದ ಬುಡವನ್ನೇ ಮೆಚ್ಚಿ ನೆಲೆಯಾಗಿದ್ದಾನೆ ಎಂದುಬಿಟ್ಟ. ಶಾಲೆಯಲ್ಲೂ ಅವನು ಹಾಗೆಯೇ, ಕೇಳಿದ್ದಕ್ಕಿಂತ ಹೆಚ್ಚು ಉತ್ತರ ಬರೆಯುವವನು.

ಗಿಡಕ್ಕೆ ಕಟ್ಟೆ ಕಟ್ಟಿದರು. ಅರಸಿನ, ಅಡಿಕೆಯ ಹಿಂಗಾರ, ಸಂಜೆಗೆ ದೀಪ, ಪಂಚಮಿಗೆ ಹಾಲು. ಹಾಲಿನಿಂದ ಬೇರು ಕೊಳೆತೀತೆಂದು ನನ್ನ ಜೀವ ಹೊಡೆದುಕೊಳ್ಳುತ್ತಿದ್ದರೆ ಗಿಡ ಮಾತ್ರ ಸೊಂಪಾಗಿ ಬೆಳೆಯಿತು. ಆ ಸನ್ನಿಧಿಯಲ್ಲಿ ಯಾರೂ ಸ್ವರ ಎತ್ತಬಾರದೆಂದು ಕಮಲಕ್ಕ ಕಟ್ಟು ಮಾಡಿದರು. ಗಿಡ ಇರುವುದು ಮನೆಯೆದುರು. ಹಾಗಾಗಿ ಬೈಯಬೇಕಾದರೆ ನಾನು ಹಿತ್ತಿಲು ದಾಟಿ ಬಚ್ಚಲುಕೊಟ್ಟಿಗೆಯ ಹಿಂದೆ ಹೋಗಬೇಕಾಗಿತ್ತು, ಅಲ್ಲಿಗೆ ತಲುಪುವಾಗ ಯಾರಿಗೆ, ಯಾಕೆ ಎಂಬುದು ಮರೆತಿರುತ್ತಿತ್ತು.

ಎರಡು ವರ್ಷ ತುಂಬಿದ ದಿನ ಹಾರೆ ಹಿಡಿದು ಹೊರಟೆ. ಕಟ್ಟೆಗೆ ಅಡ್ಡವಾಗಿ ನಿಂತವಳು ನನ್ನ ಹೆಂಡತಿ.

"ನಿಮ್ಮ ಅಪ್ಪನ ಹಾಗೆ ಆಗುವುದು ಬೇಡ ಅಂತ ನಾನೇ ಕಳಿಸಿದ್ದು, ಹೌದು. ಆದರೆ ನಾಗನ ನೆಲೆಗೆ ಹಾರೆ ಹಾಕಿ ಬದುಕಿದವರು ಉಂಟಾ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ನೆಲೆ ಮಾಡಿಸಿದ್ದು ನಾನೇ ಎಂದು ಹೇಳಬಹುದಿತ್ತು. ಹೇಳಿದರೆ ಶಿಷ್ಯನ ಹೊಟ್ಟೆಪಾಡೂ ನನ್ನ ಮರ್ಯಾದೆಯೂ ಒಟ್ಟಿಗೆ ಹೋಗುತ್ತಿತ್ತು. ಹಾರೆ ಒಳಗಿಟ್ಟೆ.

ಬೇರೆ ಬೇರು ಸಿಕ್ಕೀತೇ ಎಂದು ಪಂಡಿತರಲ್ಲಿಗೆ ಹೋದರೆ, ನಾನು ಬಾಯಿ ಬಿಡುವ ಮೊದಲೇ ನಾಡಿ ಹಿಡಿದವರು ಹುಬ್ಬೇರಿಸಿದರು. ಬೇರು ಭರ್ಜರಿಯಾಗಿ ಹಿಡಿದಿದೆ, ಹೇಗೆ ತೆಗೆದುಕೊಂಡಿರಿ ಎಂದು ಕೇಳಿದರು. ಹಾಲಿನೊಂದಿಗೆ ಎಂದೆ. ಪೂರ್ತಿ ಸುಳ್ಳೇನಲ್ಲ. ಇನ್ನು ಮದ್ದು ನಿಲ್ಲಿಸಬಹುದು ಎಂದರು.

ಈ ಸಂತೋಷವನ್ನು ಬೇಲಿಯ ದಣಪೆ ದಾಟುವಾಗಲೇ ಕೂಗಿ ಹೇಳಲು ಬಾಯಿ ತೆರೆದೆ. ಗಿಡಕ್ಕೆ ದೀಪ ಇಡುತ್ತಿದ್ದ ಹೆಂಡತಿ ತಿರುಗಿ ನೋಡದೆಯೇ ತುಟಿಗೆ ಬೆರಳಿಟ್ಟಳು. ಬಾಯಿ ಮುಚ್ಚಿಕೊಂಡು ಬಚ್ಚಲುಕೊಟ್ಟಿಗೆಯ ಹಿಂದೆ ಹೋಗಿ ನಿಂತೆ. ಏನು ಕೂಗಬೇಕೆಂದಿದ್ದೆ ಎಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಪ್ಪನದು ಅರ್ಧ ವಾಕ್ಯ ಉಳಿದುಹೋಯಿತು. ನನ್ನದು ಇಡೀ ವಾಕ್ಯವೇ ಉಳಿಯಿತು, ಜೊತೆಗೆ ನಾನೂ.