ಇಸ್ತ್ರಿಪೆಟ್ಟಿಗೆ ಕೊಟ್ಟ ವರ

"ಇವತ್ತು ಈ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡದಿದ್ರೆ ನನ್ನ ಹೆಸರು ಬದಲಾಯಿಸಿಕೊಳ್ತೀನಿ!" ಎಂದು ಸೊಸೆ ಸೊಂಟ ಕಟ್ಟಿ ನಿಂತಳು. ವೈರು ಸುಲಿದು ಎಷ್ಟೋ ಕಾಲವಾಗಿತ್ತು. ಗಂಡನ ಬಾಯಲ್ಲಿ ಅದು "ಭಾನುವಾರ ನೋಡೋಣ" ಆಗಿಯೇ ಉಳಿದಿತ್ತು.

ಸ್ಕ್ರೂ ಬಿಚ್ಚಿದಳು, ಟೇಪು ಸುತ್ತಿದಳು. ಮಹಾ ಇಂಜಿನಿಯರಮ್ಮನಿಗೆ ಪ್ಲಗ್ ಕೀಳುವುದೊಂದು ಮರೆತುಹೋಗಿತ್ತು, ಅಷ್ಟೆ.

ಫಟ್!

ಪ್ರಾಣ ಉಳಿಯಿತು, ಕಿವಿ ಮಾತ್ರ ಎಲ್ಲಿಗೋ ಹೊರಟುಹೋಯಿತು. ತಲೆಯೊಳಗೆ ಮೆತ್ತನೆಯ ಗುಂಯ್... ದೂರದಲ್ಲೆಲ್ಲೋ ಜೇನುನೊಣವೊಂದು ಜೋಗುಳ ಹಾಡುತ್ತಿರುವ ಹಾಗೆ. ಪರದೆ ಸದ್ದಿಲ್ಲದೆ ತೇಲಿತು. ಫ್ಯಾನು ಮೋಡದಂತೆ ತಿರುಗಿತು. ಬಾಗಿಲಲ್ಲಿ ಗಂಡ ಗಾಜಿನ ತೊಟ್ಟಿಯ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದ. "ನನ್ನ ಕಾಲುಚೀಲ ಎಲ್ಲಿ?" ಎನ್ನುತ್ತಿರಬೇಕು. ಕೇಳಿಸಲಿಲ್ಲ. ಆಹಾ!

ಗಂಡ ಹೆದರಿ ಡಾಕ್ಟರ ಬಳಿ ಕರೆದೊಯ್ದ. "ಶಾಕಿಗೆ ಕಿವಿ ಬೆದರಿದೆ, ಸರಿಹೋಗುತ್ತೆ" ಎಂದು ಡಾಕ್ಟರು ಬರೆದು ತೋರಿಸಿದರು.

ಹಾಳಾದ್ದು, ಸಂಜೆಗೇ ಸರಿಹೋಯಿತು! ಮೊದಲು ನಲ್ಲಿ ತೊಟ್ಟಿಕ್ಕುವ ಸದ್ದು, ಹಿಂದೆಯೇ "ನನ್ನ ಕನ್ನಡಕ ನೋಡಿದ್ಯಾ?" ಅವಳು ಕಿಟಕಿಯಾಚೆ ನೋಡುತ್ತಾ, ಮುಗುಳ್ನಗುತ್ತಾ ಕುಳಿತೇ ಇದ್ದಳು. ಸಿಕ್ಕಿಬಿದ್ದರೆ ಮತ್ತೆ ಈ ಮನೆಯ ಕಾಲುಚೀಲಗಳ ಕಾವಲುಗಾರ್ತಿ!

ಗಂಡ ಫೋನಿನಲ್ಲಿ ಅಕ್ಕನ ಹತ್ತಿರ ಗೋಳಾಡಿದ. "ಮೊದಲೇ ಅಮ್ಮ ಹೀಟರ್ ಶಾಕ್ ಹೊಡೆದಾಗಿಂದ ಕಿವುಡಿ. ಈಗ ಇವಳೂ! ಕುಕ್ಕರ್‌ನಲ್ಲಿ ಕಾಳು ಕೂಡ ನಾನೇ ಇಟ್ಟಿದೀನಿ ಕಣೇ. ಕನ್ನಡಕ? ನನ್ನ ತಲೆ ಮೇಲೇ ಇತ್ತು."

ಮೂಲೆಯ ಕುರ್ಚಿಯಲ್ಲಿ ಅತ್ತೆ ಎಂದಿನಂತೆ ಕಣ್ಣು ಮುಚ್ಚಿ ಪ್ರಸನ್ನರಾಗಿ ಕುಳಿತಿದ್ದರು. ಪಾಪ ಎನಿಸಿತು ಸೊಸೆಗೆ.

ಕುಕ್ಕರ್ ಕೂಗಿತು. ಗಂಡ ಅಲುಗಲಿಲ್ಲ. ಸೊಸೆ ಕೂತಲ್ಲೇ ಕನಸಿನಲ್ಲಿ ಮೋಡದ ಮೇಲೆ ಮಲಗಿದ್ದಳು. ಮತ್ತೆ ಕೂಗಿತು. ಮನಸ್ಸು ಮೋಡದ ಮೇಲೇ ಇತ್ತು. ದರಿದ್ರ ಕಾಲು ಮಾತ್ರ ಅಡುಗೆಮನೆಗೆ ನಡೆದುಹೋಯಿತು, ಕೈ ಒಲೆ ಆರಿಸಿತು.

ಅಯ್ಯೋ, ಕೆಟ್ಟೆ!

ತಿರುಗಿ ನೋಡಿದಳು. ಗಂಡ ಇನ್ನೂ ಫೋನಿನಲ್ಲೇ ಇದ್ದ. ಅವನ ಪಾಲಿಗೆ ಒಲೆಗಳು ಯಾವತ್ತೂ ತಾವಾಗಿಯೇ ಆರುತ್ತಿದ್ದವು. ಬದುಕಿದೆ ಎಂದು ಬೆಕ್ಕಿನ ಹೆಜ್ಜೆಯಲ್ಲಿ ಅತ್ತೆಯ ಕುರ್ಚಿ ದಾಟುವಾಗ ಯಾರೋ ಅವಳ ಕೈ ಹಿಡಿದೆಳೆದರು.

"ಕಿವುಡಿ ಆಗೋಳು ಕುಕ್ಕರ್ ಕೂಗಿದ್ರೆ ಏಳ್ತಾಳೇನೇ?" ಅತ್ತೆ ಕಣ್ಣು ತೆರೆಯದೆಯೇ ಪಿಸುಗುಟ್ಟಿದರು. "ಅದೂ ಎರಡೇ ಕೂಗಿಗೆ! ಕಾಳು ಬೆಂದಿರಲ್ಲ."