ಹತ್ತನೆಯ ಅಳತೆ

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ನಿನ್ನೆಯೇ ರೈಲು ಹತ್ತಿದ್ದರು. ಈ ಬೆಳಗ್ಗೆ ಗೋದಾಳ ಮನೆಯಲ್ಲಿ ಅಳುವವರೂ ಇರಲಿಲ್ಲ, ಅಳಬೇಡ ಎನ್ನುವವರೂ ಇರಲಿಲ್ಲ. ಒಬ್ಬಳಿಗೆ ಎಷ್ಟು ಕಾಫಿಪುಡಿ ಎಂದು ತಿಳಿಯದೆ ಇಬ್ಬರಿಗೆ ಮಾಡಿ, ಎರಡು ಲೋಟವನ್ನೂ ತಾನೇ ಕುಡಿದಳು. ಅಷ್ಟರಲ್ಲಿ ಪಕ್ಕದ ಮನೆಯ ಪಂಕಜಮ್ಮ ಬಂದು ತಮ್ಮ ಹಿತ್ತಾಳೆ ಹರಿವಾಣ ಕೇಳಿದರು.

ಮದ್ದೂರಿನಲ್ಲಿ ಅವರ ಮಗಳ ನಿಶ್ಚಿತಾರ್ಥ. ಹಣ್ಣು ತಾಂಬೂಲ ಅದರಲ್ಲೇ ಹೋಗಬೇಕು, ಹನ್ನೊಂದಕ್ಕೆ ರೈಲು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಹರಿವಾಣವನ್ನು ಎರವಲು ತಂದಿದ್ದವರು ಗೋದಾಳ ಗಂಡ, ಹೈಸ್ಕೂಲಿನ ವಿಜ್ಞಾನದ ಮೇಷ್ಟರು ಕಸ್ತೂರಿರಂಗ. ಅದರಲ್ಲಿ ನೀರು ತುಂಬಿ ಒಂಬತ್ತು ಸಲ ಎಣ್ಣೆಯ ಅಳತೆ ಮಾಡಿ, ಹತ್ತನೆಯದಕ್ಕೆ ಮೊದಲು ಜ್ವರ ಹಿಡಿದು ಮಲಗಿದವರು ಮತ್ತೆ ಏಳಲಿಲ್ಲ. ಅವರ ಪುಸ್ತಕದಲ್ಲಿ ಹತ್ತು ಎಂಬ ಅಂಕಿಯ ಮುಂದೆ ಜಾಗ ಖಾಲಿಯಿತ್ತು. ಅದನ್ನು ತುಂಬದೆ ಹರಿವಾಣ ಬಿಟ್ಟುಕೊಡುವುದು, ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿದ್ದ ಗೋದಾಳಿಗೆ ಆಗದ ಮಾತು. ಅಷ್ಟಗಲದ ಪಾತ್ರೆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

"ಒಂದೇ ಒಂದು ಗಂಟೆ, ಪಂಕಜಮ್ಮನವರೆ," ಎಂದಳು. ಹದಿಮೂರು ದಿನದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

"ಗಂಟೆ ಎಲ್ಲಿ ಬಂತಮ್ಮ, ಅರ್ಧ. ಇಲ್ಲೇ ಕೂತಿರ್ತೀನಿ."

ಕೂತೇಬಿಟ್ಟರು. ಗೋದಾ ಬೆಳಕಿಗೆಂದು ಜಗಲಿಯಲ್ಲಿ ಹರಿವಾಣವಿಟ್ಟು ನೀರು ತುಂಬಿ, ಇನ್ನು ಅವಳಿಗೇಕೆ ಎಂದು ನೆಂಟರು ತೀರ್ಮಾನಿಸಿದ್ದ ಮುಖದ ಪೌಡರನ್ನು ಮೇಲೆ ತೆಳ್ಳಗೆ ಉದುರಿಸಿದಳು. ತಂತಿಯ ತುದಿಯಲ್ಲಿ ಸೂಜಿಮೊನೆಯಷ್ಟು ಎಣ್ಣೆ ಹಿಡಿದಳು. ಅದು ತಾಗುವ ಮೊದಲೇ ಪಂಕಜಮ್ಮ, ನೀರು ತಣ್ಣಗಿದೆಯೋ ಎಂದು, ಆಗತಾನೆ ತಲೆಗೆ ಎಣ್ಣೆ ಒತ್ತಿದ್ದ ಬೆರಳನ್ನು ಅದ್ದಿದರು. ಪೊಲೀಸರನ್ನು ಕಂಡ ಇಸ್ಪೀಟಿನವರಂತೆ ಪೌಡರು ಅಂಚಿಗೆ ಓಡಿತು.

ಗೋದಾ ಹರಿವಾಣವನ್ನು ಸೀಗೆಪುಡಿಯಲ್ಲಿ ಉಜ್ಜಿ, ನಾಲ್ಕು ಸಲ ತೊಳೆದಳು. ಎರಡನೆಯ ಸಲ ಹಾಲಿನ ದೇವಿರಮ್ಮ ಬಗ್ಗಿ ನೋಡಿದಳು. ಚೊಂಬಿನಿಂದ ತೊಟ್ಟು ಹಾಲು ಬಿತ್ತು. ಪೌಡರು ಮತ್ತೆ ಪರಾರಿ. ಜೀವ ಇದ್ದಂಗೆ ಓಡ್ತದಲ್ಲ, ಏನದು ಎಂದು ದೇವಿರಮ್ಮ ಕೇಳಿದಳು.

ಗೋದಾ ವಿವರಿಸಿದಳು. ಎಣ್ಣೆಯ ಒಂದೊಂದು ಅಣುವಿಗೂ ತಲೆಯೊಂದು, ಬಾಲವೊಂದು. ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ನೀರಿನ ಮೇಲೆ ಬಿಟ್ಟರೆ ತಾವಾಗಿಯೇ ತಲೆ ಕೆಳಗೆ ಮಾಡಿ, ಹೆಗಲಿಗೆ ಹೆಗಲು ತಾಗಿಸಿ ಒಂದೇ ಪದರವಾಗಿ ನಿಲ್ಲುತ್ತವೆ. ಒಂದರ ಮೇಲೊಂದು ಹತ್ತುವುದಿಲ್ಲ. ತೊಟ್ಟಿನ ಗಾತ್ರ ಗೊತ್ತಿದ್ದು, ಅವು ಬಿಡಿಸಿಕೊಂಡ ವೃತ್ತದ ಅಗಲ ಅಳೆದರೆ ಒಂದು ಅಣುವಿನ ಎತ್ತರ ಸಿಕ್ಕಂತೆ. ಹೇಳುತ್ತ ಹೇಳುತ್ತ ಅವಳ ಧ್ವನಿ ಏರಿತು, ಕೈಗಳು ಗಾಳಿಯಲ್ಲಿ ಅಣುಗಳನ್ನು ನಿಲ್ಲಿಸತೊಡಗಿದವು.

ದೇವಿರಮ್ಮನಿಗೆ ಒಂದೇ ಅನುಮಾನ. "ಯಾರೂ ಯೋಳ್ದೆ ತಾವಾಗೇ ಸಾಲಾಗಿ ನಿಂತ್ಕತ್ತವಾ? ರೈಲು ಟಿಕೀಟ್ಗೂ ನಮ್ಮೋರು ಅಂಗೆ ನಿಲ್ಲಾಕಿಲ್ಲ. ಮೇಷ್ಟ್ರೇ ಬಂದು ನಿಲ್ಲುಸ್ತಾವ್ರೆ ಕಣಮ್ಮ."

ಹರಿವಾಣ ಎತ್ತಲು ಬಾಗಿದ್ದ ಪಂಕಜಮ್ಮ ಕೈ ಹಿಂದೆಗೆದರು. ಹೌದೇನಮ್ಮ ಎಂದು ಮೆಲ್ಲಗೆ ಕೇಳಿದರು.

ಗೋದಾ ಗಡಿಯಾರ ನೋಡಿದಳು. ಬಿ.ಎಸ್ಸಿ. ಪದವಿಯನ್ನು ಒಂದು ಗಳಿಗೆ ಬದಿಗಿಟ್ಟಳು.

"ಹೌದು. ಇನ್ನೊಂದು ಸಲ ಕರೀತೀನಿ. ಯಾರೂ ಮುಟ್ಟಕೂಡದು."

ಹರಿವಾಣ ಮತ್ತೆ ತೊಳೆದು, ನೀರು ತುಂಬಿ ಪೌಡರು ಉದುರಿಸಿದಳು. ಸುದ್ದಿ ಕೇಳಿ ಜಗಲಿಯ ಮುಂದೆ ಸೇರಿದ್ದ ಬೀದಿಯವರೆಲ್ಲ ಕೈಮುಗಿದು ಉಸಿರು ಹಿಡಿದರು. ಎಣ್ಣೆ ತಾಗಿತು. ಪೌಡರು ಸರಿದು ಬಳೆಯಷ್ಟು, ಆಮೇಲೆ ತಟ್ಟೆಯಷ್ಟು ದುಂಡಗೆ ತೆರೆದುಕೊಂಡು ನಿಂತಿತು. ಗೋದಾಳಿಗೆ ತಾನು ನಗುತ್ತಿರುವುದು ತಿಳಿಯಲಿಲ್ಲ. ಅಡಿಪಟ್ಟಿ ಹಿಡಿದು ಬಾಗಿದಳು.

ಪಂಕಜಮ್ಮ ಅವಳ ಮಣಿಕಟ್ಟು ಹಿಡಿದರು.

"ಓದಿದೋಳಾಗಿ," ಎಂದಳು ದೇವಿರಮ್ಮ, "ಗಂಡನ್ನ ಕೋಲಾಗೆ ಅಳೀತಾರೇನಮ್ಮ?"

ತಾನು ಹೇಳಿದ್ದು ಸುಳ್ಳೆಂದಳು ಗೋದಾ, ಅದು ಬರೀ ಎಣ್ಣೆಯೆಂದಳು. ಪಾಪ, ದುಃಖದಲ್ಲಿ ಏನೇನೋ ಆಡುತ್ತಾಳೆ ಎಂದರು ನೆರೆದವರು. ಹಣ್ಣು ಬುಟ್ಟಿಯಲ್ಲೇ ಹೋಗಲಿ, ಹರಿವಾಣ ನೀರಿನ ಸಮೇತ ತಮ್ಮ ದೇವರಮನೆಗೆ ಬರಲಿ ಎಂದು ಪಂಕಜಮ್ಮ ತೀರ್ಮಾನ ಕೊಟ್ಟರು. ಹೊರಬೇಕಾದವಳು ಗೋದಾಳೇ, ಹೆಂಡತಿಯಲ್ಲವೆ.

ಒಂದು ತೊಟ್ಟೂ ಚೆಲ್ಲದಂತೆ ನಡೆದಳು. ವೃತ್ತ ಅಲುಗಿತು, ಒಡೆಯಲಿಲ್ಲ. ದೇವರ ಮುಂದೆ ಇಳಿಸಿ ನೋಡಿದಳು. ಕಣ್ಣಳತೆಗೆ ಏಳು ಅಂಗುಲ. ಕಣ್ಣಳತೆಯನ್ನು ಅವರ ಪುಸ್ತಕದಲ್ಲಿ ಬರೆಯುವಂತಿರಲಿಲ್ಲ.

"ಯಾವಾಗ ಬೇಕಾದ್ರೂ ಬಂದು ನೋಡ್ಕೊಂಡು ಹೋಗಮ್ಮ," ಎಂದು ಪಂಕಜಮ್ಮ ಬಾಗಿಲೆಳೆದುಕೊಂಡು ರೈಲಿಗೆ ಹೊರಟರು. "ಮುಟ್ಟೋದು ಮಾತ್ರ ಬೇಡ."