ಶಾಂತಪ್ಪನ ಸೀದಾ ಬಂದೂಕು

“ಬಂದೂಕ ಸೊಟ್ಟ ಇಲ್ಲ, ನಿಮ್ಮ ಕಣ್ಣ ಸೊಟ್ಟ ಅದಾವ. ಮೊದಲ ಅವನ್ನ ರಿಪೇರಿ ಮಾಡಿಸ್ಕೊಂಡು ಬರ್ರಿ.”

“ನನ್ನ ಕಣ್ಣಿನ ಸುದ್ದಿಗೆ ಬರಬೇಡಿ. ಇಷ್ಟೊಂದು ಗುಂಡು ಹೊಡೆದಿದೀನಿ, ಒಂದಾದ್ರೂ ಒಡೀತಾ? ಇದು ಮೋಸ.”

“ಮೋಸ ಅಂದ್ರಿ? ಇನ್ನೊಮ್ಮಿ ಅನ್ರಿ ನೋಡೋಣು. ನಾಲಿಗಿ ಹಿರಿದು ಪುಗ್ಗಾದ ಬಾಜೂಕ ಕಟ್ಟತೀನಿ.”

ಭಾನುವಾರ ಮಧ್ಯಾಹ್ನ ಎಕ್ಸಿಬಿಷನ್ನಿನ ಗೇಟು ತೆರೆಯುವುದಕ್ಕೂ ಶಾಂತಪ್ಪನ ಬಾಯಿ ತೆರೆಯುವುದಕ್ಕೂ ಸರಿಹೋಗಿತ್ತು. ಹೈದರಾಬಾದಿನ ಮಿಯಾಪುರದ ಮೆಟ್ರೋ ಕಂಬಗಳ ಹಿಂದಿನ ಆ ಖಾಲಿ ಮೈದಾನದಲ್ಲಿ, ಗೇಟು ದಾಟಿದ ಕೂಡಲೇ ಸಿಗುವ ಮೊದಲ ಅಂಗಡಿ ಅವನದು. ದಾರಕ್ಕೆ ಗೇಣು ಗೇಣು ಅಂತರ ಬಿಟ್ಟು ಕಟ್ಟಿದ ಬಣ್ಣದ ಬಲೂನುಗಳು, ಶಾಂತಪ್ಪನ ಮಾತಿನಲ್ಲಿ ಪುಗ್ಗಾಗಳು, ಅವುಗಳ ಹಿಂದೆ ತಗಡು, ಮುಂದೆ ಮೇಜು, ಮೇಜಿನ ಮೇಲೆ ಒಂದು ಗಾಳಿ ಬಂದೂಕು. ಪುಗ್ಗಾ ಒಡೆದವರಿಗೆ ಬಾಚಣಿಗೆ, ಸೋಪಿನ ಡಬ್ಬಿ, ಪ್ಲಾಸ್ಟಿಕ್ ಜಗ್ಗು. ಬೇಗಂ ಬಜಾರಿನಿಂದ ತಂದ ಆ ಜಗ್ಗುಗಳು ಯಾರ ಮನೆಗೂ ಹೋಗದೆ ಅಲ್ಲೇ ಬಿಸಿಲಿಗೆ ಬಣ್ಣ ಬಿಟ್ಟಿದ್ದವು.

ಮೋಸ ಎಂದವನು ಮನೋಜ. ಮೈಸೂರಿನವನು, ಎದುರಿನ ಅಪಾರ್ಟ್‌ಮೆಂಟಿನಲ್ಲಿ ವಾಸ, ಕಂಪ್ಯೂಟರ್ ಕೆಲಸ. ಪಕ್ಕದಲ್ಲಿ ಹೆಂಡತಿ ಗಾನವಿ ಕೈಕಟ್ಟಿ ನಿಂತಿದ್ದಳು. ಗಂಡ ಸೋತದ್ದಕ್ಕಿಂತ ಸೋತದ್ದನ್ನು ಒಪ್ಪದಿರುವುದು ಅವಳಿಗೆ ಹೆಚ್ಚು ಮಜಾ ಕೊಡುತ್ತಿದ್ದಂತಿತ್ತು.

ಶಾಂತಪ್ಪನ ಹೆಂಡತಿ ಶಿವದೇವಿ ಊದುತ್ತಿದ್ದ ಪುಗ್ಗಾವನ್ನು ಬಾಯಿಂದ ತೆಗೆದಳು. “ಬಸವಣ್ಣನ ಆಣಿರೀ ಅಣ್ಣಾರ, ಬಂದೂಕ ಸೀದಾ ಐತಿ. ನಮ್ಮ ಯಜಮಾನ್ರು ದಿನಾ ಇದರಾಗ ಹೊಡೀತಾರ. ಬೇಕಾದ್ರ ತೋರಿಸ್ತಾರ, ನೋಡ್ರಿ.”

ಶಾಂತಪ್ಪ ಇದಕ್ಕೇ ಕಾಯುತ್ತಿದ್ದ. ಬಂದೂಕು ಎತ್ತಿ, ಒಂದು ಕಣ್ಣು ಮುಚ್ಚಿ, ಮೀಸೆ ಕುಣಿಸಿ ಸಾಲಾಗಿ ಐದು ಪುಗ್ಗಾ ಒಡೆದ. ಜನ ಚಪ್ಪಾಳೆ ತಟ್ಟಿದರು. ಶಿವದೇವಿಯ ಮುಖ ಹೊಸ ಪುಗ್ಗಾದಂತೆ ಅರಳಿತು.

ಆಣೆ ಹಾಕಿದ ಆ ತಾಯಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಸಣ್ಣ ಮೊಳೆಯನ್ನು ಶಾಂತಪ್ಪ ಎಂದೋ ಇಕ್ಕಳದಿಂದ ಹಿಡಿದು ಬಾಗಿಸಿಟ್ಟಿದ್ದ. ಪುಗ್ಗಾಕ್ಕೆ ಗುರಿಯಿಟ್ಟರೆ ಗುಂಡು ಅದರ ಬಲಗಡೆಯ ಖಾಲಿ ಜಾಗಕ್ಕೆ ಹೋಗುತ್ತಿತ್ತು. ಎಡಗಡೆಯ ಖಾಲಿ ಜಾಗಕ್ಕೆ ಗುರಿಯಿಟ್ಟರೆ ಪುಗ್ಗಾ ಒಡೆಯುತ್ತಿತ್ತು. ಹೈದರಾಬಾದಿನಲ್ಲೆಲ್ಲ ಈ ವಿದ್ಯೆ ಬಲ್ಲವನು ಅವನೊಬ್ಬನೇ. ಬಲ್ಲೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಲು ಆಗುವುದಿಲ್ಲ ಎಂಬುದೊಂದೇ ಅವನ ಸಂಕಟ. ಬೇರೆ ಯಾವ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡ ಅಭ್ಯಾಸ ಅವನಿಗಿರಲಿಲ್ಲ. ಬುದ್ಧಿ ಚಪ್ಪಲಿ ಹುಡುಕುವಷ್ಟರಲ್ಲಿ ನಾಲಿಗೆ ಊರು ಸುತ್ತಿ ಬಂದಿರುತ್ತದೆ ಎಂದು ಅವನೇ ತನ್ನನ್ನು ಬೈದುಕೊಳ್ಳುತ್ತಿದ್ದ.

ಗದ್ದಲ ಕೇಳಿ ಎಕ್ಸಿಬಿಷನ್ನಿನ ಮ್ಯಾನೇಜರ್ ವಿಜಯಕುಮಾರ ಓಡಿ ಬಂದ. ಶಾಂತಪ್ಪನನ್ನು ಪಕ್ಕಕ್ಕೆ ಎಳೆದು, “ಏನ್ರೀ ನಿಮ್ಮ ರಗಳಿ? ಸಂಜಿಗೆ ಮಾಲಕರು ಬರಾಕತ್ಯಾರ. ಇನ್ನ ಮ್ಯಾಲ ಗೇಟಿನ ಜಾಗ ಯಾರಿಗಂತ ಇವತ್ತ ಫೈಸಲಾ. ಮೋಸ ಅನ್ನೂ ಮಾತು ಅವರ ಕಿವಿಗಿ ಬಿತ್ತಂದ್ರ ನೀವು ಹಿಂದ, ಪಾಯಖಾನಿ ಬಾಜೂಕ. ಮತ್ತ ನನ್ನ ಅನಬ್ಯಾಡ್ರಿ,” ಎಂದ.

“ಗೇಟಿನ ಜಾಗ ಬಿಟ್ಟುಕೊಡಾಕ ನಾನೇನ ಹುಚ್ಚ ಅದೀನೇನು?”

“ಬಿಡ್ರಿ ಅಣ್ಣ, ನಾ ತಗೊಂತೀನಿ,” ಎಂದು ಬಲಗಡೆಯ ಅಂಗಡಿಗೆ ಅಡ್ಡ ಕಟ್ಟಿದ ಬಟ್ಟೆ ಸರಿಸಿ ತುಳಸಾಬಾಯಿ ಇಣುಕಿದಳು. ಅವಳದು ಪಕ್ಕದ ಮಿರ್ಚಿ ಭಜಿ ಅಂಗಡಿ. ಗೇಟಿನ ಜಾಗದ ಮೇಲೆ ಅವಳ ಕಣ್ಣು, ಭಜಿಯ ಮೇಲೆ ಕೈ, ಶಾಂತಪ್ಪನ ಜಗಳದ ಮೇಲೆ ಕಿವಿ.

ಮನೋಜ ಸುಮ್ಮನಾಗಲಿಲ್ಲ. “ಬಂದೂಕು ಸರಿ ಇದೆ ಅಂತೀರಲ್ಲ? ನನ್ನ ಹತ್ರ ರೆಡ್ ಡಾಟ್ ಇದೆ. ಹಾಕಿ ನೋಡೋಣ. ಯಾರು ಸೊಟ್ಟ ಅಂತ ಗೊತ್ತಾಗುತ್ತೆ.”

“ರೆಡ್ ಡಾಟ್ ಅಂದ್ರ?”

“ಬಂದೂಕಿನ ಮೇಲೆ ಕೂರಿಸೋ ಸಣ್ಣ ಕೊಳವೆ ಯಜಮಾನ್ರೇ. ಒಳಗೆ ಗಾಜಿನ ಮೇಲೆ ಕೆಂಪು ಚುಕ್ಕಿ ಕಾಣುತ್ತೆ. ಚುಕ್ಕಿ ಎಲ್ಲೋ, ಗುಂಡು ಅಲ್ಲೇ.”

“ಬಂದೂಕು ತಗೊಳಕ್ಕೆ ನಾನು ಬಿಡಲಿಲ್ಲ,” ಎಂದಳು ಗಾನವಿ. “ಅದಕ್ಕೆ ಅದೊಂದನ್ನೇ ತರಿಸ್ಕೊಂಡ. ದಿನಾ ಬಾಲ್ಕನೀಲಿ ನಿಂತು ಎದುರುಮನೆ ತುಳಸಿಕಟ್ಟೆ ನೋಡ್ತಾನೆ. ಬಂದೂಕಿಗಾದ್ರೂ ಹಾಕ್ಲಿ ಬಿಡಿ, ಮನೆಗೆ ನೆಮ್ಮದಿ.”

ವಿಜಯಕುಮಾರ ಶಾಂತಪ್ಪನ ಕಿವಿಯಲ್ಲಿ, “ಹಾಕಿಸ್ಕೊಳ್ರಿ. ಒಲ್ಲೆ ಅಂದ್ರ ಕಳ್ಳ ಅಂತಾರ,” ಎಂದ. ಶಾಂತಪ್ಪ ಒಲ್ಲೆ ಎನ್ನಬೇಕಿತ್ತು. ಸಿಟ್ಟಿನಲ್ಲಿ ಬಾಯಿ, “ಹಾಕ್ರಿ, ಎರಡು ಹಾಕ್ರಿ” ಎಂದುಬಿಟ್ಟಿತು.

ಮನೋಜ ಮನೆಗೆ ಹೋಗಿ, ಕೂಸನ್ನು ಎತ್ತಿಕೊಂಡು ಬರುವಂತೆ ಒಂದು ಡಬ್ಬಿ ಹಿಡಿದು ಬಂದ. ಬಂದೂಕಿನ ಬೆನ್ನ ಮೇಲೆ ಕೊರೆದ ಉದ್ದನೆಯ ಸಂದಿನ ಧೂಳು ಒರೆಸಿ, ಕೊಳವೆಯ ಹಿಡಿಯನ್ನು ಅದಕ್ಕೆ ಕೂರಿಸಿ, ಮೊಳಕೈಯಂತೆ ಬಾಗಿದ ಪುಟ್ಟ ಕೀಲಿಯಿಂದ ಸ್ಕ್ರೂ ಬಿಗಿ ಮಾಡಿದ. ಗಡಿಯಾರಕ್ಕೆ ಹಾಕುವಂಥ ದುಂಡನೆಯ ಸೆಲ್ ಒಳಗಿಟ್ಟು ಗುಂಡಿ ತಿರುಗಿಸಿದ.

ಶಾಂತಪ್ಪ ಪುಗ್ಗಾಗಳ ಹತ್ತಿರ ಹೋಗಿ ಬಗ್ಗಿ ನೋಡಿದ. “ಎಲ್ಲಿ ಬಿತ್ತು ಚುಕ್ಕಿ? ಇಲ್ಲಿ ಏನೂ ಇಲ್ಲ. ನಿಮ್ಮದ ಖರಾಬ್ ಐತಿ.”

“ಅದು ಹೊರಗೆ ಬೀಳಲ್ಲ. ನೋಡೋವ್ನಿಗೆ ಮಾತ್ರ ಕಾಣುತ್ತೆ. ಬನ್ನಿ, ಎರಡೂ ಕಣ್ಣು ಬಿಟ್ಟು ನೋಡಿ.”

ಶಾಂತಪ್ಪ ನೋಡಿದ. ಹಳದಿ ಪುಗ್ಗಾದ ಹೊಟ್ಟೆಯ ಮೇಲೆ ಕೆಂಪು ಚುಕ್ಕಿ ಕುಂಕುಮದಂತೆ ಕುಳಿತಿತ್ತು. ಅವನು ಬಂದೂಕು ಇಳಿಸಿ ಜಗ್ಗುಗಳ ಕಡೆ ನೋಡಿದ.

ಮನೋಜ ತಗಡಿಗೆ ಒಂದು ಹಾಳೆ ಅಂಟಿಸಿ ಗುಂಡು ಹೊಡೆದ. ಗುಂಡು ಚುಕ್ಕಿಗಿಂತ ಪಕ್ಕಕ್ಕೆ ಬಿತ್ತು. ಕೊಳವೆಯ ನೆತ್ತಿಯ ಮೇಲೊಂದು, ಬಲಗೆನ್ನೆಯ ಮೇಲೊಂದು ಸಣ್ಣ ಸ್ಕ್ರೂ. ಮೇಲಿನದು ಗುಂಡನ್ನು ಮೇಲೆ ಕೆಳಗೆ ಮಾಡುವುದು, ಪಕ್ಕದ್ದು ಆಚೆ ಈಚೆ. ಟಕ್ ಟಕ್ ಎಂದು ತಿರುಗಿಸುತ್ತ, ಮತ್ತೆ ಹೊಡೆಯುತ್ತ, ಕಡೆಗೆ ಚುಕ್ಕಿಯನ್ನೂ ಗುಂಡಿನ ತೂತನ್ನೂ ಒಂದೇ ಜಾಗಕ್ಕೆ ತಂದ. ನಳಿಗೆಯ ತುದಿಯ ಸೊಟ್ಟ ಮೊಳೆಯನ್ನು ಯಾರೂ ಕೇಳಲೇ ಇಲ್ಲ. ಅದು ಗುಡಿಯ ಹೊರಗಿನ ಚಪ್ಪಲಿಯಂತೆ ತನ್ನ ಪಾಡಿಗೆ ತಾನಿತ್ತು.

“ಗಾಜನ್ನ ಲುಂಗೀಲಿ ಒರೆಸಬೇಡಿ, ಗೀರು ಬೀಳುತ್ತೆ. ಆಟ ಮುಗಿದ ಮೇಲೆ ಆರಿಸಿ, ಇಲ್ಲಾಂದ್ರೆ ಸೆಲ್ ಸಾಯುತ್ತೆ. ಹಿಡಿ ಸಡಿಲ ಆಯ್ತಾ ಅಂತ ಆಗಾಗ ನೋಡಿ. ಈ ಎರಡು ಸ್ಕ್ರೂ ಮಾತ್ರ ಮುಟ್ಟಲೇಬೇಡಿ,” ಎಂದ ಮನೋಜ.

“ನಾ ಯಾಕ ಮುಟ್ಟಲಿ? ನನಗ ಬ್ಯಾರೆ ಕೆಲಸ ಇಲ್ಲೇನು?”

ಆಮೇಲೆ ನಡೆದದ್ದು ಲೂಟಿ. ಮನೋಜ ಒಡೆದ, ಗಾನವಿ ಒಡೆದಳು, ಬೆನ್ನು ಬಾಗಿದ ಅಜ್ಜ ಒಡೆದ, ಮದುವೆಮನೆಯಿಂದ ಬಂದ ಗುಂಪು ಒಡೆಯಿತು. ಸ್ಟೂಲಿನ ಮೇಲೆ ನಿಂತ ಪಿಂಕಿ ಎಂಬ ಪುಟ್ಟ ಹುಡುಗಿ ಎರಡು ಜಗ್ಗು ಗೆದ್ದು, “ಅಂಕಲ್, ಇದು ಭಾಳ ಈಜಿ,” ಎಂದಳು. ಶಿವದೇವಿ ಊದಿ ಊದಿ ಕೆನ್ನೆ ಕೆಂಪಾಗಿಸಿಕೊಂಡಳು. ಆದರೂ ಖುಷಿಯಾಗಿದ್ದಳು. “ನೋಡ್ರಿ, ನಾ ಹೇಳಿದ್ದಿಲ್ಲೇನು, ಬಂದೂಕ ಸೀದಾ ಐತಿ ಅಂತ?” ಎಂದು ಬಂದವರಿಗೆಲ್ಲ ಹೇಳಿದಳು.

ಮನೋಜ ಚಹಾಕ್ಕೆ ಹೋದದ್ದೇ ತಡ, ಶಾಂತಪ್ಪ ಬಂದೂಕನ್ನು ಮೇಜಿನ ಕೆಳಗೆ ಎಳೆದುಕೊಂಡು ಚಾಕುವಿನ ತುದಿಯಿಂದ ಬಲಗೆನ್ನೆಯ ಸ್ಕ್ರೂ ತಿರುಗಿಸಿದ. ಯಾವ ಕಡೆ ತಿರುಗಿಸಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆದ್ದರಿಂದ ಸಿಟ್ಟು ಇಳಿಯುವವರೆಗೆ ತಿರುಗಿಸಿದ.

ಮುಂದಿನ ಗಿರಾಕಿ ಗುಂಡು ಹೊಡೆದ. ಪುಗ್ಗಾ ಅಲುಗಲಿಲ್ಲ. ಬಲಗಡೆಯ ಬಟ್ಟೆಯಲ್ಲೊಂದು ತೂತು ಬಿತ್ತು. ಅದರಾಚೆ ಠಣ್ ಎಂಬ ಶಬ್ದವಾಯಿತು.

“ಯಾವನಲೇ ಅಂವ ನನ್ನ ಎಣ್ಣಿ ಡಬ್ಬಿಗಿ ಹೊಡದಾಂವ?” ತುಳಸಾಬಾಯಿ ಭಜಿ ಎತ್ತುವ ಜಾರಿ ಹಿಡಿದು ಹೊರಗೆ ಬಂದಳು. “ಶಾಂತಪ್ಪಣ್ಣ, ಗೇಟಿನ ಜಾಗಕ್ಕ ನನ್ನ ಜೀವಾ ತಗೀತಿಯೇನೋ?”

“ನಿನ್ನ ಡಬ್ಬಿ ಯಾಕ ಅಡ್ಡ ಇಟ್ಟಿ?”

“ನನ್ನ ಅಂಗಡ್ಯಾಗ ನನ್ನ ಡಬ್ಬಿ ಇಡಾಕ ನಿನ್ನ ಕೇಳಬೇಕೇನು?”

ಇಬ್ಬರೂ ಭಜಿಯ ಒಲೆಯ ಮುಂದೆ ನಿಂತು ಒಬ್ಬರ ವಂಶವನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದಾಗ ಇತ್ತ ಚಹಾ ಮುಗಿಸಿ ಬಂದ ಮನೋಜ ಕೊಳವೆಯಲ್ಲಿ ಕಣ್ಣಿಟ್ಟ. ಸ್ಕ್ರೂವಿನ ಮೇಲೆ ಚಾಕುವಿನ ಗೀರು ಕಂಡಿತು. ಅವನು ಮತ್ತೆ ಹಾಳೆ ಅಂಟಿಸಿ, ಹೊಡೆದು, ತಿರುಗಿಸಿ ಮೊದಲಿನಂತೆ ಮಾಡಿಟ್ಟ. ಜಗಳದಲ್ಲಿದ್ದ ಶಾಂತಪ್ಪನಿಗೆ ಇದು ಗೊತ್ತಾಗಲಿಲ್ಲ.

ಅದೇ ಹೊತ್ತಿಗೆ ಮಾಲಕರು ಬಂದರು. ಗೋಪಿನಾಥರಾಯರು ಮೂಲತಃ ರಾಯಚೂರಿನವರು. ಬಿಳಿ ಅಂಗಿ, ಬಾಯಿತುಂಬ ಪಾನ್, ಹಿಂದೆ ವಿಜಯಕುಮಾರ.

“ಏಮಂಡಿ ಶಾಂತಪ್ಪ, ಬಂದೂಕಿನ ಮ್ಯಾಲ ಕಂಪ್ಲೇಂಟ್ ಐತಂತಲ್ಲ? ಒಬ್ರು ಮೋಸ ಅಂತಾರ, ಒಬ್ರು ಎಣ್ಣಿ ಡಬ್ಬಿ ಅಂತಾರ. ನಿಮ್ಮ ಬಂದೂಕ, ನೀವ ಹೊಡೀರಿ. ಆ ನಡುವಿನ ಹಳದಿ ಪುಗ್ಗಾ.”

ಶಾಂತಪ್ಪ ಬಂದೂಕು ಎತ್ತಿದ. ತಲೆಯಲ್ಲಿ ಲೆಕ್ಕ ಓಡಿತು. ತಾನು ತಿರುಗಿಸಿದ ಸ್ಕ್ರೂವಿನಿಂದ ಗುಂಡು ತುಳಸಾಬಾಯಿಯ ಡಬ್ಬಿಯವರೆಗೆ ಹೋಗಿತ್ತು. ಅಂದರೆ ಅಷ್ಟೇ ಎಡಕ್ಕೆ ಹಿಡಿಯಬೇಕು. ಅವನು ಕೆಂಪು ಚುಕ್ಕಿಯನ್ನು ಪುಗ್ಗಾಗಳ ಸಾಲು ದಾಟಿಸಿ ಎಡತುದಿಯ ಬಿದಿರಿನ ಕಂಬದ ಮೇಲಿಟ್ಟು ಹೊಡೆದ. ಗುಂಡು ಕಂಬಕ್ಕೆ ಬಡಿಯಿತು. ಇನ್ನಷ್ಟು ಮನಸ್ಸಿಟ್ಟು ಹೊಡೆದ. ಕಂಬಕ್ಕೇ ಬಡಿಯಿತು. ಮೂರನೆಯದೂ ಅಲ್ಲಿಗೇ ಹೋಯಿತು.

“ಅಂಕಲ್ ಕಂಬಕ್ಕ ಗುರಿ ಹಿಡಿಯಾಕತ್ಯಾರ,” ಎಂದಳು ಪಿಂಕಿ. “ಕಂಬಕ್ಕ ಬೀಳಾಕತ್ತೈತಿ.”

ಜನ ಹೊಟ್ಟೆ ಹಿಡಿದು ನಕ್ಕರು. ರಾಯರು ಬಂದೂಕು ತೆಗೆದುಕೊಂಡು ತಾವೇ ಹಳದಿ ಪುಗ್ಗಾಕ್ಕೆ ಹೊಡೆದರು. ಫಟ್ ಎಂದು ಒಡೆಯಿತು. ಪಾನ್ ಉಗುಳಿ ಬಂದು ತೀರ್ಪು ಕೊಟ್ಟರು. “ಬಂದೂಕ ಬಂಗಾರದಂಥಾದ್ದು. ಹಿಡಿದಲ್ಲೇ ಹೋಗತೈತಿ. ಇಂವಗ ಗುರಿ ಹಿಡಿಯಾಕ ಬರಂಗಿಲ್ಲ, ಅಷ್ಟ. ತನ್ನ ಬಂದೂಕಿನಾಗ ತಾನ ಸೋಲೂ ಮನಶ್ಯಾ ಮತ್ತೊಬ್ರಿಗೇನು ಮೋಸ ಮಾಡ್ತಾನ್ರೀ? ವಿಜಯಕುಮಾರ, ಗೇಟಿನ ಜಾಗ ಇವಂದ.”

ಅಲ್ಲಿಗೆ ಮುಗಿದಿತ್ತು. ಕೈಮುಗಿದು ಸುಮ್ಮನೆ ನಿಂತಿದ್ದರೆ ಸಾಕಿತ್ತು. ವಿಜಯಕುಮಾರ ಕಣ್ಣಿನಲ್ಲೇ ಅದನ್ನು ಹೇಳುತ್ತಿದ್ದ. ಶಾಂತಪ್ಪ ಕೈಯನ್ನು ಮುಗಿದೂ ಇದ್ದ.

“ಇಷ್ಟ ದಿನ ಗುರಿಕಾರ ಗುರಿಕಾರ ಅಂತ ಮೀಸಿ ತಿರುವತಿದ್ದಿ,” ಎಂದಳು ತುಳಸಾಬಾಯಿ. “ಕಂಬದ ಗುರಿಕಾರ ಅಂತ ಗೊತ್ತಿದ್ದಿಲ್ಲ ಬಿಡಪಾ.”

“ಅಂಕಲ್‌ಗೆ ನಾ ಕಲಿಸ್ತೀನಿ,” ಎಂದಳು ಪಿಂಕಿ.

ಶಾಂತಪ್ಪನ ಕಿವಿ ಕಾದವು. ಮುಗಿದ ಕೈ ಬಿಚ್ಚಿತು. “ಯಾರಿಗಿ ಕಲಿಸ್ತಿ? ಸೀದಾ ಬಂದೂಕಿನಾಗ ನಾಯಿನೂ ಹೊಡೀತೈತಿ. ಈ ಬಂದೂಕಿನ ಮೂಗ ನಾ ನನ್ನ ಕೈಯಾರ ಸೊಟ್ಟ ಮಾಡಿ ಇಟ್ಟೀನಿ. ಅಂಥಾ ಸೊಟ್ಟ ಬಂದೂಕಿನಾಗ ದಿನಾ ಐದಕ್ಕ ಐದು ಹೊಡದಾಂವ ನಾನು. ಹೈದರಾಬಾದಿನಾಗ ಇನ್ನೊಬ್ಬನ್ನ ತೋರಸ್ರಿ.”

ವಿಜಯಕುಮಾರ ಹಣೆಗೆ ಕೈ ಹಚ್ಚಿಕೊಂಡ.

ರಾಯರು ಮೆಲ್ಲಗೆ, “ಹೌದೇನು? ನಂಬಿಕಿ ಬರವಲ್ದು. ತೋರಸ್ರಿ ನೋಡೋಣು,” ಎಂದರು.

ಮನೋಜ ಕೀಲಿ ತೆಗೆದು ಕೊಳವೆ ಬಿಚ್ಚಿ ತನ್ನ ಡಬ್ಬಿಯಲ್ಲಿಟ್ಟುಕೊಂಡ. ಶಾಂತಪ್ಪ ಒಂದು ಕಣ್ಣು ಮುಚ್ಚಿದ. ಖಾಲಿ ಜಾಗಕ್ಕೆ ಗುರಿಯಿಟ್ಟ, ಪುಗ್ಗಾ ಒಡೆಯಿತು. ಮತ್ತೊಂದು ಖಾಲಿ ಜಾಗ, ಮತ್ತೊಂದು ಪುಗ್ಗಾ. ಐದಕ್ಕೆ ಐದು. ಅಷ್ಟು ಚಂದವಾಗಿ ಅವನು ಹಿಂದೆಂದೂ ಹೊಡೆದಿರಲಿಲ್ಲ. ಜನ ಸೀಟಿ ಹೊಡೆದರು. ಗಾನವಿ ಮೊಬೈಲಿನಲ್ಲಿ ಹಿಡಿದುಕೊಂಡಳು. ತುಳಸಾಬಾಯಿ ಕೂಡ ಜಾರಿಯನ್ನು ಬಾಣಲೆಗೆ ಬಡಿದು ತಾಳ ಹಾಕಿದಳು.

ಶಾಂತಪ್ಪ ಮೀಸೆ ತಿರುವಿದ. “ಈಗ ಏನಂತೀರಿ?”

“ಏನನ್ನೂದೈತಿ?” ಎಂದರು ರಾಯರು. “ಇಷ್ಟು ಪಕ್ಕಾ ಕಳ್ಳನ್ನ ನಾನೂ ನೋಡಿದ್ದಿಲ್ಲ. ವಿಜಯಕುಮಾರ, ಇವನ್ನ ಹಿಂದ ಕಳಿಸು, ಪಾಯಖಾನಿ ಬಾಜೂಕ. ಗೇಟಿನ ಜಾಗ ಭಜಿಗಿ ಕೊಡು.”

ಶಾಂತಪ್ಪ ಹೆಂಡತಿಯ ಕಡೆ ತಿರುಗಿದ. “ನೋಡಿದ್ಯಾ ಇವರ ನ್ಯಾಯಾ? ಹೊಡದರೂ ತಪ್ಪ, ಬಿಟ್ಟರೂ ತಪ್ಪ.”

ಶಿವದೇವಿ ಬಾಯಲ್ಲಿದ್ದ ಪುಗ್ಗಾವನ್ನು ತೆಗೆದು ಗಾಳಿ ಬಿಟ್ಟಳು. ಅದು ಪರ್ರ್ ಎಂದು ಮೇಜಿನ ಮೇಲೆ ಬಿತ್ತು. “ದಿನಾ ಎಷ್ಟ ಮಂದಿ ಮುಂದ ನನ್ನ ಕೈಲೆ ಬಸವಣ್ಣನ ಆಣಿ ಹಾಕಿಸಿದ್ರಿ?” ಎಂದಳು.

“ಆಣಿ ಹಾಕಂತ ನಾ ಹೇಳಿದ್ನೇನು? ನೀನ ಹಾಕತಿದ್ದಿ.”

“ಹೌದು, ನಾನ ಹಾಕತಿದ್ದೆ.” ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ತುಳಸಕ್ಕ, ಹಿಟ್ಟು ಕಲಸಾಕ ಮಂದಿ ಬೇಕಂದಿದ್ದಿಲ್ಲ?”

“ಬಾರವ್ವಾ, ಬಾ,” ಎಂದಳು ತುಳಸಾಬಾಯಿ.

ಶಿವದೇವಿ ಬಟ್ಟೆ ಸರಿಸಿಕೊಂಡು ಆಚೆ ಹೋದಳು.

“ಏ, ಎಲ್ಲಿ ಹೊಂಟಿ? ಪುಗ್ಗಾ ಯಾರು ಊದಬೇಕು?”

ಬಟ್ಟೆಯಲ್ಲಿ ಗುಂಡು ಮಾಡಿದ ತೂತಿನಿಂದ ಶಾಂತಪ್ಪ ನೋಡಿದ. ಅವಳು ಮೊಳಕೈವರೆಗೆ ಹಿಟ್ಟಿನಲ್ಲಿದ್ದಳು.

ವಿಜಯಕುಮಾರನ ಆಳುಗಳು ಮೇಜು, ತಗಡು, ಪುಗ್ಗಾದ ದಾರ ಎಲ್ಲವನ್ನೂ ಹಿಂದಕ್ಕೆ ಹೊತ್ತರು. ಭಜಿಯ ಬಾಣಲೆ ಗೇಟಿಗೆ ಬಂತು. ಹೆಂಡತಿ ಅಲ್ಲೇ ನಿಂತದ್ದರಿಂದ ಗೇಟಿನ ಜಾಗ ಮನೆತನಕ್ಕೆ ಉಳಿದಂತೆಯೇ ಆಯಿತು, ಶಾಂತಪ್ಪನೊಬ್ಬನಿಗೆ ಉಳಿಯಲಿಲ್ಲ. ಮೈದಾನದ ಹಿಂದಿನ ಮೂಲೆಯಲ್ಲಿ ಮೂಗು ಮುಚ್ಚಿಕೊಂಡು ಅವಸರದಲ್ಲಿ ಹೋಗುವವರ ನಡುವೆ ಕುಳಿತು ಅವನು ತಾನೇ ಪುಗ್ಗಾ ಊದತೊಡಗಿದ. ಹಿಟ್ಟು ಕಲಸುವುದು ಎಷ್ಟು ಹೊತ್ತಿನ ಕೆಲಸ, ಮುಗಿಸಿ ಬರುತ್ತಾಳೆ ಎಂದುಕೊಂಡ. ಅತ್ತ ಗೇಟಿನಲ್ಲಿ ಶಿವದೇವಿ ಹೊಸ ಹಿಟ್ಟು ಕಲಸುತ್ತಲೇ ಇದ್ದಳು.